ತೊಳೆದರೂ ಬಿಡದ ಮಸಿ

ಪಿಲ್ದೋಂಗ್‌ಗೆ ಓದು ಬರಹ ಬಾರದು. ರಾಜಧಾನಿ ಹನ್ಯಾಂಗಿನ ಹೊರಗಿನ ಹೊಳೆಯಲ್ಲಿ ಅವನಿಗೆ ಕೆಲಸ ಸಿಕ್ಕಿದ್ದೇ ಅದಕ್ಕೆ. ಒಬ್ಬ ರಾಜ ಸತ್ತು, ಅವನ ಕಾಲದ ಚರಿತ್ರೆ ಬರೆದು ಮುಗಿದ ಮೇಲೆ ಕರಡು ಹಾಳೆಗಳನ್ನೆಲ್ಲ ಅಲ್ಲಿ ತೊಳೆದು, ಮಸಿ ಬಿಡಿಸಿ, ಮತ್ತೆ ಕಾಗದ ಮಾಡುತ್ತಿದ್ದರು. ಗುಟ್ಟು ಬರೆಯುವವರು ದೊಡ್ಡ ಮನುಷ್ಯರು, ತಣ್ಣೀರಲ್ಲಿ ನಿಂತು ತೊಳೆಯುವವರು ನಾವು. ನಾನೂ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದೆ.

ಅವನಿಗೆ ಗುರುತಿದ್ದದ್ದು ಮೂರೇ ಅಕ್ಷರ, ಅಣ್ಣನ ಹೆಸರು. ಅರಮನೆಯ ಕಾವಲಿಗಿದ್ದ ಅಣ್ಣನನ್ನು ಒಂಬತ್ತು ವರ್ಷದ ಹಿಂದೆ ಯಾವುದೋ ವಿಚಾರಣೆಗೆ ಎಳೆದೊಯ್ದಿದ್ದರು. ಮನೆಗೆ ಮರಳಿದ್ದು ಹೆಸರು ಕೆತ್ತಿದ ಅವನ ಸೊಂಟದ ಮರದ ಬಿಲ್ಲೆ ಮಾತ್ರ. ಸತ್ತ ದಿನ ತಿಳಿಯದೆ ಎಡೆ ಇಡುವುದು ಹೇಗೆ?

"ನನ್ ಮಗ ಹಸ್ಕೊಂಡು ಅಲೀತಾ ಇದಾನೆ ಕಣೋ," ಎಂದು ತಾಯಿ ಉಣ್ಣಲು ಕೂತಾಗಲೆಲ್ಲ ಅಳುತ್ತಿದ್ದಳು.

ಒಂದು ದಿನ ಅವನ ಕೈಗೆ ಬಂದ ಹಾಳೆಯಲ್ಲಿ ಆ ಮೂರು ಅಕ್ಷರಗಳಿದ್ದವು. ಹಾಳೆ ಕದ್ದರೆ ತಲೆ ಹೋಗುತ್ತದೆ. ಒದ್ದೆ ಹಾಳೆಯ ಮೇಲೆ ಅಂಗೈ ಒತ್ತಿ ಮುಷ್ಟಿ ಬಿಗಿದುಕೊಂಡ.

ಅವರೂರಿನಲ್ಲಿ ಕಾಗದ ಬರೆದುಕೊಡುವ ಮುದುಕ, ಅಂಗೈಗೆ ಇಳಿದಿದ್ದ ಆ ತಿರುಗುಮುರುಗು ಅಕ್ಷರಗಳನ್ನು ಬೋಗುಣಿಯ ನೀರಲ್ಲಿ ನೋಡಿ ಓದಿದ. "ಒಂಬತ್ತನೇ ತಿಂಗಳು, ಏಳನೇ ದಿನ. ಏಟು ತಿಂದು ಸತ್ತನಂತೆ ಪಾಪ. ಇನ್ ಮೂರೇ ದಿನ ಇದೆ, ಅಕ್ಕಿ ಹೊಂದಿಸ್ಕೊ. ಮೊದ್ಲು ಕೈ ತೊಳ್ಕೊಳೋ ಪುಣ್ಯಾತ್ಮ!"

ತೊಳೆದ. ಬೂದಿ ಹಾಕಿ, ಮರಳು ಹಾಕಿ, ರಕ್ತ ಬರುವವರೆಗೂ ಉಜ್ಜಿದ. ಸಾವಿರ ಹಾಳೆಗಳ ಮಸಿ ಬಿಡಿಸಿದ ಕೈಯಿಂದ ಆ ಮಸಿ ಬಿಡಲಿಲ್ಲ, ದಿನದಿನಕ್ಕೆ ಕಪ್ಪೇರಿತು. ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬಂದ. ನನ್ನೊಬ್ಬನಿಗೆ ನಿಜ ಹೇಳಿದ.

ಏಳರಂದು ತಾಯಿ ಎಡೆ ಇಟ್ಟಳು, ಅನ್ನಕ್ಕೆ ಚಮಚ ಚುಚ್ಚಿ, ಹಿರಿಮಗನನ್ನು ಹೆಸರು ಹಿಡಿದು ಕರೆದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದಳಂತೆ.

ಮರುದಿನ ಹೊಳೆಯ ದಂಡೆಯಲ್ಲಿ ಅಧಿಕಾರಿ ಅವನನ್ನು ತಡೆದ. "ಏನೋ ಬಚ್ಚಿಟ್ಟಿದೀಯ ಅದ್ರಲ್ಲಿ? ಬಿಚ್ಚೋ!"

ಪಿಲ್ದೋಂಗ್ ಕಣ್ಣು ಮುಚ್ಚಿಕೊಂಡು ಬಿಚ್ಚಿದ. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, "ಹೋಗು, ಹೋಗು," ಎಂದ. ನಾನು ಬಗ್ಗಿ ನೋಡಿದೆ. ಮಸಿ ಇರಲಿಲ್ಲ, ಗಾಯವೂ ಇರಲಿಲ್ಲ. ಅಂಗೈ ಹೊಸ ಕಾಗದದಂತೆ ಬೆಳ್ಳಗಿತ್ತು. ಅದರಲ್ಲಿ ಒಂದೇ ಒಂದು ಗೆರೆಯೂ ಇರಲಿಲ್ಲ.

ಆಮೇಲೆ ಮೂವತ್ತು ವರ್ಷ ಬದುಕಿದ. ಕಣಿ ಹೇಳುವವಳು ಒಮ್ಮೆ ಆ ಕೈ ಕಂಡು ಅರ್ಧಕ್ಕೇ ಎದ್ದು ಹೋದಳು. ಸಾಯುವಾಗ ನನ್ನ ಕಡೆ ಅದನ್ನೇ ಚಾಚಿದ. ಗೆಳೆಯ ಎನಿಸಿಕೊಂಡಿದ್ದ ನಾನು ಹಿಡಿಯಲಿಲ್ಲ.