ಕೂಟಗಲ್ಲಿನ ಬಂಡೆಗಳ ಮೇಲೆ ಕುದುರೆ ಓಡಿಸಿದ ಅಕ್ಕ

ಹೋದ ವಾರ ಮಗಳ ಲಗ್ನಪತ್ರಿಕೆ ತರಲು ರಾಮನಗರದ ಪ್ರೆಸ್ಸಿಗೆ ಹೋಗಿದ್ದೆ. ಕಟ್ಟು ಬಿಚ್ಚಿದ ಕೂಡಲೇ ಹಸಿ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು...

ನಾನು ಕೂಟಗಲ್ಲಿಗೆ ಸೊಸೆಯಾಗಿ ಬಂದಾಗ ಅವರಿಗೆ ನಲವತ್ತರ ಹತ್ತಿರ. ಹತ್ತನೇ ಕ್ಲಾಸಿಗೇ ಓದು ನಿಂತಿತ್ತು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ, ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂತು ಕಾದಂಬರಿ ಬರೆಯುತ್ತಿದ್ದರು. ಸಂಸಾರದ ಕಥೆಯಲ್ಲ. ಅರಮನೆ, ಒಳಸಂಚು, ಕತ್ತಿ, ಕುದುರೆ! ಚಿಕ್ಕ ವಯಸ್ಸಿನ ರಾಣಿಯನ್ನು ಬೆಟ್ಟದ ಕೋಟೆಯಲ್ಲಿ ಸೆರೆಯಿಟ್ಟು, ಆಕೆ ಸತ್ತಳೆಂದು ಸಾರಿ ಪಟ್ಟವೇರಲು ಹೊರಟ ದಳವಾಯಿ. ಅವನ ಗುಟ್ಟು ತಿಳಿದು ರಾಣಿಯನ್ನು ಬಿಡಿಸಲು ಹೊರಟ ಕುದುರೆ ಲಾಯದ ಹುಡುಗಿ.

ಕಥೆಯ ಕೋಟೆ ನಮ್ಮ ಊರಾಚೆಯ ಬಂಡೆಗಳ ಮೇಲೆಯೇ ಎದ್ದಿತ್ತು. ಒಮ್ಮೆ ನನ್ನನ್ನೂ ಅಲ್ಲಿಗೆ ಕರೆದೊಯ್ದು, "ಒಸಿ ಮೇಲಕ್ಕೋಗಿ ಕೂಗೇ, ಸೆರೆಯಲ್ಲಿರೋಳ ದನಿ ಕೆಳಗಿನ ಗಂಟ ಕೇಳ್ತದಾ ನೋಡ್ತೀನಿ" ಅಂದರು. ಹೊಸ ಸೊಸೆ ನಾನು, ಸೆರಗು ಬಿಗಿದುಕೊಂಡು ಬಂಡೆ ಹತ್ತಿ ಕೂಗಿದ್ದೇ ಕೂಗಿದ್ದು. ಕುರಿ ಮೇಯಿಸುತ್ತಿದ್ದವರು ಗಾಬರಿಯಾಗಿ ಓಡಿಬಂದರು.

ಬರೆದು ಮುಗಿದಾಗ ಅಕ್ಕ, ಅವರ ಯಜಮಾನರು, ಜೊತೆಗೆ ನಾನು ಬೆಂಗಳೂರಿನ ಒಬ್ಬ ಪ್ರಕಾಶಕರಲ್ಲಿಗೆ ಹೋದೆವು. ಅವರು ಕಥೆಯನ್ನು ಹೊಗಳಿದರು. ಆಮೇಲೆ, "ಹೆಂಗಸರು ಬರೆದ ಕತ್ತಿ ಕಾಳಗ ಯಾರೂ ಕೊಳ್ಳೋದಿಲ್ಲಮ್ಮ. ಯಜಮಾನರ ಹೆಸರು ಹಾಕೋಣ" ಅಂದರು.

"ಕುದ್ರೆ ಓಡಿಸ್ದೋಳು ನಾನು ಸ್ವಾಮಿ. ಅವ್ರ ಹೆಸ್ರು ಯಾಕೆ?" ಅಂದರು ಅಕ್ಕ.

ಪ್ರಕಾಶಕರು ಭಾವನ ಮುಖ ನೋಡಿದರು. ಭಾವ ಟವೆಲ್ಲು ಕೊಡವಿ ಎದ್ದು ನಿಂತರು. "ನಂಗೆ ಕುದ್ರೆ ಕಂಡ್ರೇನೆ ಭಯ ಸ್ವಾಮಿ. ನಮ್ಮೋಳು ಬರ್ದಿದ್ದಕ್ಕೆ ನನ್ ಹೆಸ್ರು ಹಾಕಿಸ್ಕಂಡ್ರೆ ಊರಲ್ಲಿ ನಗಾಕಿಲ್ವಾ?"

ಊರಿಗೆ ಮರಳುವಾಗ ಬಸ್ಸು ಬಿಡದಿ ದಾಟುವವರೆಗೂ ಅಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದರು... ಅತ್ತರೋ ಏನೋ, ನಾನು ನೋಡಲು ಹೋಗಲಿಲ್ಲ.

ಆ ಸಲದ ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿತು. ಭಾವ ಆ ದುಡ್ಡನ್ನು ನೇರವಾಗಿ ರಾಮನಗರದ ಒಂದು ಸಣ್ಣ ಪ್ರೆಸ್ಸಿಗೆ ಕೊಟ್ಟುಬಂದರು. ಲಗ್ನಪತ್ರಿಕೆ, ನಾಟಕದ ಕರಪತ್ರ ಅಚ್ಚು ಮಾಡುತ್ತಿದ್ದ ಪ್ರೆಸ್ಸು ಅದು. ಅಕ್ಕ ಕಥೆಯನ್ನು ತಿದ್ದಿ ಬರೆದು ಒಂದೊಂದೇ ಅಧ್ಯಾಯ ಕಳಿಸುತ್ತಿದ್ದರು. ಒಂದು ಭಾನುವಾರ ಅಚ್ಚುಮೊಳೆ ಜೋಡಿಸುವವರು ಸೈಕಲ್ ತುಳಿದುಕೊಂಡು ಅಕ್ಕನ ಮನೆಗೇ ಬಂದುಬಿಟ್ಟರು. ಮುಂದಿನ ಅಧ್ಯಾಯ ಬರುವ ತನಕ ಅವರಿಗೆ ತಡೆಯಲಾಗಿರಲಿಲ್ಲ.

"ಅಕ್ಕಾ, ದಳವಾಯಿ ಕಳ್ಸಿದ್ ಹಾಲ್ನ ರಾಣಿ ಕುಡುದ್ಬುಟ್ಲಾ?"

"ಹೇಳಾಕಿಲ್ಲ. ಮೊಳೆ ಜೋಡ್ಸಪ್ಪ, ಗೊತ್ತಾಯ್ತದೆ."

ಅವರಿಗೆ ರಾಗಿಮುದ್ದೆ ಬಡಿಸಿ ಕಳಿಸಿದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡರು. "ಒಬ್ಬ ಓದ್ದ ಕಣೇ. ಇನ್ಯಾರೂ ಓದ್ದೇ ಇದ್ರೂ ಪರ್ವಾಗಿಲ್ಲ" ಅಂದರು.

ಪುಸ್ತಕ ಬಂತು. ಹೊದಿಕೆಯ ಮೇಲೆ ಅಕ್ಕನ ಹೆಸರು, ದಪ್ಪ ಕೆಂಪು ಅಕ್ಷರಗಳಲ್ಲಿ. ಭಾವ ಬಸ್‌ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ತೋರಿಸಿದರು. ಓದಲು ಬಾರದ ಹೆಂಗಸರಿಗೆ ಹುಳುಮನೆಯಲ್ಲಿ ಸೊಪ್ಪು ಕತ್ತರಿಸುತ್ತಿರುವಾಗ ನಾನೇ ಓದಿ ಹೇಳಿದೆ. ರಾಣಿ ಕೋಟೆಯಿಂದ ಇಳಿಯುವ ಜಾಗ ಬಂದಾಗ ಅವರ ಮಚ್ಚುಗಳು ನಿಂತುಬಿಡುತ್ತಿದ್ದವು.

ಭಾವ ಹೋಗಿ ಬಹಳ ದಿನವಾಯಿತು. ಅಕ್ಕ ಹೋದ ವರ್ಷ ತೀರಿಕೊಂಡರು.

ಹೋದ ವಾರ ಪ್ರೆಸ್ಸಿನಿಂದ ಹೊರಟವಳು ರಾಮನಗರದ ಲೈಬ್ರರಿಗೆ ನುಗ್ಗಿ ಆ ಪುಸ್ತಕ ಕೇಳಿದೆ. "ಅದು ಕಪಾಟಲ್ಲಿ ನಿಂತಿದ್ದೇ ಇಲ್ಲ ಬಿಡಿ" ಎಂದು ನಕ್ಕರು ಅಲ್ಲಿನವರು. "ಒಬ್ರು ತಂದ್ಕೊಡ್ತಿದ್ದಂಗೇ ಇನ್ನೊಬ್ರು ತಗಂಡೋಯ್ತಾರೆ. ಹಾಳೆ ಕಿತ್ತೋಗಿ ಬೈಂಡು ಮಾಡ್ಸಿದೀವಿ."

"ಬರೆದೋರು ನಮ್ಮ ಪಕ್ಕದ ಮನೆಯೋರು" ಎಂದೆ. ಪಕ್ಕದಲ್ಲಿ ಪೇಪರು ಓದುತ್ತಿದ್ದವರೆಲ್ಲ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ.

ಬಸ್ಸಿಳಿದವಳು ನಮ್ಮ ಮನೆ ದಾಟಿ ಅಕ್ಕನ ಬಾಗಿಲಿಗೇ ಹೋಗಿ ನಿಂತಿದ್ದೆ. "ಅಕ್ಕಾ" ಎಂದು ಕೂಗಿಯೂ ಆಗಿತ್ತು... ಅವರ ಸೊಸೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾಕ್ ಚಿಕ್ಕತ್ತೆ, ಏನಾಯ್ತು?"

"ಏನಿಲ್ಲ ಕಣವ್ವ" ಎಂದೆ. ಆಮೇಲೆ ಜಗಲಿಯಲ್ಲಿ ಕೂತು, ಅಕ್ಕನಿಗೆ ಹೇಳಬೇಕೆಂದು ತಂದಿದ್ದ ಸುದ್ದಿಯನ್ನೆಲ್ಲ ಅವಳಿಗೇ ಹೇಳಿದೆ.