ನದಿ ತಿರುಗಿಸಿದ ನಿಕನೋರಾ

ಸಾನ್ ಹ್ವಾನ್ ಪ್ರಾಂತ್ಯದಲ್ಲಿ ಮಿಕ್ಕ ತಾಲೂಕುಗಳ ಗಡಿಯನ್ನು ಯಾರೋ ಗುಮಾಸ್ತರು ಅಡಿಪಟ್ಟಿ ಇಟ್ಟು ಎಳೆದದ್ದು. ನಮ್ಮ ಲಾಸ್ ತುಸ್ಕಾಸ್ ತಾಲೂಕಿನ ಗಡಿ ಮಾತ್ರ ದೇವರು ಕೈಯಾರೆ ಎಳೆದದ್ದು: ನದಿಯ ಪಡುವಣ ದಂಡೆ ನಮ್ಮದು, ಮೂಡಣ ದಂಡೆ ಪಿಯೆದ್ರಾ ಪಾರ್ದಾದವರದು. ಭೂಕಂಪ ಬಂದು ಆಂಡೀಸ್ ಬೆಟ್ಟವೇ ಸೊಂಟ ಉಳುಕಿಸಿಕೊಂಡರೂ ಈ ಗೆರೆಯನ್ನು ಕೂದಲೆಳೆಯಷ್ಟು ಸರಿಸುವ ಗಂಡು ಹುಟ್ಟಿಲ್ಲ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದೆ. ಗಂಡು ಹುಟ್ಟಿಲ್ಲ ಅನ್ನುವುದೇನೋ ಈಗಲೂ ನಿಜ.

ದೋನ್ಯಾ ನಿಕನೋರಾ ತೆಹಾದಾ ಊರಿಗಿಂತ ಅರ್ಧ ಹರದಾರಿ ಮೇಲೆ, ನದಿಯ ಪಕ್ಕದಲ್ಲೇ ಇದ್ದಾಳೆ. ವಯಸ್ಸು ಎಪ್ಪತ್ತೊಂದು. ಪಾದ ಒಂದೊಂದೂ ಬಾಗಿಲ ಹಲಗೆಯಷ್ಟು. ಆ ಪಾದಗಳಿಂದಲೇ ದ್ರಾಕ್ಷಿ ತುಳಿದು ವೈನ್ ಮಾಡುತ್ತಾಳೆ. ನಮ್ಮ ಕಡೆ ಮನೆ ವೈನ್ ಎಂದರೆ ಕಾಲಲ್ಲಿ ತುಳಿದದ್ದೇ; ಯಂತ್ರ ಮುಟ್ಟಿದ್ದನ್ನು ಪಾದ್ರಿಯೂ ಬೇಡ ಅನ್ನುತ್ತಾನೆ, ಪಾದ್ರಿ ಬೇಡ ಅನ್ನುವುದು ಅದೊಂದೇ. ಅವಳ ವೈನ್ ಒಂದು ಲೋಟ ನೆಕ್ಕಿದ ನನ್ನ ಹೇಸರಗತ್ತೆ ಮೂರು ದಿನ ಕುದುರೆಯ ಠೀವಿಯಲ್ಲಿ ನಡೆಯಿತು.

ಪ್ರತಿ ಜುಲೈ ಒಂಬತ್ತಕ್ಕೆ, ಸ್ವಾತಂತ್ರ್ಯದ ಹಬ್ಬದಲ್ಲಿ, ತಾಲೂಕಿನ ಮನೆ ವೈನುಗಳಿಗೆ ಸ್ಪರ್ಧೆ. ಗೆದ್ದವರಿಗೆ ಬೆಳ್ಳಿಯ ಹೂಜಿ, ಅದೂ ಒಂದು ವರ್ಷದ ಮಟ್ಟಿಗೆ. ಸತತ ಮೂರು ಸಲ ಗೆದ್ದರೆ ಹೂಜಿ ಶಾಶ್ವತವಾಗಿ ಅವರ ಮನೆಯದು. ನಿಕನೋರಾ ಎರಡು ಸಲ ಗೆದ್ದು, ಹೂಜಿಯಲ್ಲಿ ಕೋಳಿಮೊಟ್ಟೆ ಇಟ್ಟುಕೊಂಡಿದ್ದಳು. ಎರಡು ಸಲವೂ ಅವಳಿಗೆ ಸೋತವನು ತಾಲೂಕಿನ ಅಧ್ಯಕ್ಷ ದೋನ್ ಹೆರ್ವಾಸಿಯೊ. ಹೂಜಿ ಅವನ ಮುತ್ತಜ್ಜಿ ದಾನ ಕೊಟ್ಟದ್ದು. ಅದರೊಳಗಿನ ಮೊಟ್ಟೆ ನೆನೆದಾಗಲೆಲ್ಲ ಅವನಿಗೆ ಹೊಟ್ಟೆಯೊಳಗೇ ಮೊಟ್ಟೆಯೊಡೆದು ಮರಿ ಕುಕ್ಕಿದಂತಾಗುತ್ತಿತ್ತು.

ಆ ವರ್ಷ ಜನವರಿಯಲ್ಲಿ, ಅಂದರೆ ನಮ್ಮ ಕಡೆಯ ನಡುಬೇಸಿಗೆಯಲ್ಲಿ, ಬೆಟ್ಟದ ಹಿಮವೆಲ್ಲ ಒಟ್ಟಿಗೆ ಕರಗಿ ನೆರೆ ಬಂತು. ನಿಕನೋರಾ ಮನೆಯ ಮೂಡಲಿಗೆ ಹರಿಯುತ್ತಿದ್ದ ನದಿ ರಾತ್ರೋರಾತ್ರಿ ಪಡುವಲಿಗೆ ಹಾರಿ ಕೂತಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ನದಿಗೆ ಮಗ್ಗುಲು ಬದಲಿಸುವ ಚಟ ಮೊದಲಿಂದ ಇತ್ತು. ಜಂಬ ಕೊಚ್ಚುವಾಗ ನಾನು ಅದನ್ನು ಬಿಟ್ಟು ಹೇಳುತ್ತಿದ್ದೆ, ಅಷ್ಟೆ.

ಜುಲೈ ಬಂತು, ಹೆರ್ವಾಸಿಯೊ ಕಾನೂನು ಪುಸ್ತಕದ ಧೂಳು ಕೊಡವಿದ. ಗಡಿ ಎಂದರೆ ನದಿ. ನದಿಯ ಮೂಡಲಿಗಿದ್ದವರು ಪಿಯೆದ್ರಾ ಪಾರ್ದಾದವರು. ಹೊರಗಿನವರಿಗೆ ಸ್ಪರ್ಧೆಯಿಲ್ಲ, ಹೂಜಿ ವಾಪಸ್ಸು ಕೊಡತಕ್ಕದ್ದು. ಸೋಮವಾರ ನಿಕನೋರಾ ಕಚೇರಿಗೆ ಬಂದಳು. ಸ್ಪರ್ಧೆಯಲ್ಲಿ ರುಚಿ ನೋಡಿ ತೀರ್ಪು ಹೇಳುವವನು ನಾನೇ ಆದ್ದರಿಂದ ಅಲ್ಲೇ ಮೂಲೆಯಲ್ಲಿ ಮಾತೆ ಎಂಬ ಎಲೆಯ ಕಷಾಯ ಹೀರುತ್ತಾ ಗಂಭೀರವಾಗಿ ಕೂತಿದ್ದೆ.

"ಪಕ್ಕದ ತಾಲೂಕಿನವರ ಅರ್ಜಿ ಶುಕ್ರವಾರ ಮಾತ್ರ ನೋಡೋದು, ದೋನ್ಯಾ," ಎಂದ ಹೆರ್ವಾಸಿಯೊ. ಸ್ಪರ್ಧೆ ಇದ್ದದ್ದು ಗುರುವಾರ.

"ನದಿ ಎಲ್ಲಿ ಹರಿಯುತ್ತೋ ಅಲ್ಲೇ ಗಡಿ ಅಂತೀಯೇನಪ್ಪಾ?"

"ನಾನಲ್ಲ, ಕಾನೂನು ಅನ್ನುತ್ತೆ."

"ಹಂಗಂತ ಬರೆದು ಸೀಲ್ ಹೊಡ್ಕೊಡು."

ಅವನು ಬರೆದು, ಒಂದರ ಬದಲು ಎರಡು ಸೀಲ್ ಹೊಡೆದು, ಶಾಯಿ ಒಣಗಲೆಂದು ಪ್ರೀತಿಯಿಂದ ಊದಿಯೂ ಕೊಟ್ಟ.

ಮಳೆ ಎಂಬುದನ್ನು ನಾವು ಅಜ್ಜಂದಿರ ಬಾಯಲ್ಲಿ ಕೇಳಿದ್ದು. ಕಾಲುವೆಯ ಸರದಿ ನೀರು ಬಂದಾಗ ಸಲಿಕೆ ಹಿಡಿದು ಬಳ್ಳಿಸಾಲಿಗೆ ತಿರುಗಿಸುವುದೇ ನಮ್ಮ ಬದುಕು. ನಮ್ಮ ಮಕ್ಕಳು ನಡೆಯುವ ಮೊದಲು ನೀರು ತಿರುಗಿಸುತ್ತವೆ. ಅದೂ ಜುಲೈ ಚಳಿಗೆ ನದಿ ಎಂದರೆ ಆಡೊಂದು ಉಚ್ಚೆ ಹೊಯ್ದಷ್ಟು ನೀರು. ನಿಕನೋರಾ ಸಲಿಕೆ ಹಿಡಿದು, ಕಲ್ಲು ಮುಳ್ಳುಕೊಂಬೆ ಒಡ್ಡಿ, ಮಂಗಳವಾರದ ಹೊತ್ತಿಗೆ ನದಿಯನ್ನು ತನ್ನ ಮನೆಯ ಮೂಡಲಿಗೆ, ಹಳೆಯ ಪಾತ್ರಕ್ಕೇ ತಂದಳು. ನೋಡಲು ಹೋದ ನನ್ನ ಕೈಗೆ ಕಲ್ಲಿನ ಬುಟ್ಟಿ ಕೊಟ್ಟಳು. ನನಗೆ ತಕ್ಷಣ ಬೆನ್ನು ಹಿಡಿಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳಿಗೆ ಮುಗಿದಿರಲಿಲ್ಲ. ಅವಳ ತಾತನ ಕಾಲದಲ್ಲಿ ನದಿ ಹರಿದು ಒಣಗಿದ ಪಾತ್ರವೊಂದಿತ್ತು. ಅದು ಅವಳ ಮನೆಯ ಕೆಳಗೆ ಕವಲೊಡೆದು, ನಮ್ಮ ಊರಿನ ಬೆನ್ನಿಗೆ, ಪಡುವಲಿಂದ ಸುತ್ತಿ ಹೋಗುತ್ತಿತ್ತು. ಗುರುವಾರ ಬೆಳಿಗ್ಗೆ ಹೆರ್ವಾಸಿಯೊ ಹಿತ್ತಲ ಬಾಗಿಲು ತೆಗೆದರೆ ಹೊಸ್ತಿಲ ಬಳಿ ನದಿ. ಅವನ ಕಚೇರಿ, ಇಗರ್ಜಿ, ವೈನ್ ಪೀಪಾಯಿಗಳು, ಅವನಿಗೆ ವೋಟು ಹಾಕಿದವರು, ಹಾಕಿದೆವೆಂದು ಸುಳ್ಳು ಹೇಳಿದವರು, ಎಲ್ಲರೂ ಮೂಡಣ ದಂಡೆಯಲ್ಲಿ. ಲಾಸ್ ತುಸ್ಕಾಸ್ ತಾಲೂಕಿನಲ್ಲಿ ಉಳಿದದ್ದು ಸ್ಮಶಾನ, ಹದಿಮೂರು ಆಡು, ನಿಕನೋರಾ.

ನಾವೆಲ್ಲ ಒಂದೇ ನೆಗೆತಕ್ಕೆ ಗಡಿ ದಾಟಿ ಅವಳ ಅಂಗಳಕ್ಕೆ ಹೋದೆವು. ಎರಡು ಸೀಲಿನ ಕಾಗದ ಬಾಗಿಲಿಗೆ ಮೊಳೆ ಹೊಡೆಸಿಕೊಂಡು ನಿಂತಿತ್ತು. ಮೊಟ್ಟೆಗಳು ಬುಟ್ಟಿಗೆ ಹೋಗಿದ್ದವು. ಉಜ್ಜಿ ಹೊಳಪಿಟ್ಟ ಹೂಜಿಯ ತುಂಬ ವೈನು. ಅವಳು ಮಣ್ಣಿನ ಒಲೆಯಿಂದ ಎಂಪನಾಡ, ಅಂದರೆ ಮಾಂಸದ ಹೂರಣದ ಕಡುಬು, ತೆಗೆಯುತ್ತಿದ್ದಳು. ನನಗೊಂದು ಲೋಟ ಬಂತು. ಕುಡಿದೆ. ತೀರ್ಪು ಹೇಳಬೇಕೆಂದರೆ ನಾಲಿಗೆ ಇನ್ನೊಂದು ಲೋಟ ಕೇಳುತ್ತಿತ್ತು.

ಹೆರ್ವಾಸಿಯೊ ಟೋಪಿ ತೆಗೆದು ಎದೆಗೊತ್ತಿಕೊಂಡ. "ಆದದ್ದು ಆಯ್ತು, ದೋನ್ಯಾ. ನದೀನ ಅದರ ಜಾಗಕ್ಕೆ ಬಿಡಿ. ನೀವೂ ಸ್ಪರ್ಧೆಗೆ ಬನ್ನಿ, ನಾನೇ ನಿಂತು ಹೆಸರು ಬರೆಸ್ತೀನಿ."

ನಿಕನೋರಾ ಅವನ ಕೈಗೊಂದು ಬಿಸಿ ಎಂಪನಾಡ ಇಟ್ಟಳು.

"ಸ್ಪರ್ಧೆ ಮುಗೀತು ಕಣಪ್ಪಾ. ಈ ತಾಲೂಕಿಂದ ಬಂದದ್ದು ಒಂದೇ ವೈನು, ಗೆದ್ದದ್ದೂ ಅದೇ. ನದಿ ವಿಷಯಾನಾ? ಅರ್ಜಿ ಬರ್ಕೊಂಡು ನಾಳೆ ಬಾ. ಪಕ್ಕದ ತಾಲೂಕಿನವರದ್ದು ಶುಕ್ರವಾರ ಮಾತ್ರ ನೋಡೋದು."