ಮೂರನೇ ಸಹಿ

ಬಿಜೈ ಬಸ್‌ಸ್ಟ್ಯಾಂಡಿನ ಬಳಿ ಛತ್ರಿ, ಬ್ಯಾಗುಗಳ ಅಂಗಡಿ ಇಟ್ಟಿರುವ ಅಹ್ಮದ್ ಬಾವ ಎಲ್ಲರಿಗೂ ಬಾವಾಕ. ಇಪ್ಪತ್ತೆರಡು ವರ್ಷಗಳಿಂದ ಅವರು ಸೌಹಾರ್ದ ವೇದಿಕೆಯೊಂದರ ಮೂರನೇ ಸಹಿ. ಧರಣಿಯಿರಲಿ, ಜಾಥಾ ಇರಲಿ, ಪೊಲೀಸರಿಗೆ ಕೊಡುವ ಅರ್ಜಿಗೆ ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಒಬ್ಬ ಮುಸ್ಲಿಂ ಸಹಿ ಹಾಕಬೇಕೆಂಬುದು ವೇದಿಕೆಯ ನಿಯಮ, ಹೆಮ್ಮೆಯೂ ಹೌದು. ಅರ್ಜಿ ಬರೆಯುವವರು ನಿವೃತ್ತ ಅಧ್ಯಾಪಕ ಮಹಾಬಲ. ಅವರೂ ಕ್ರೈಸ್ತ ಸದಸ್ಯ ಲ್ಯಾನ್ಸಿಯೂ ಸಹಿ ಹಾಕಿದ ಕಾಗದ ಅಂಗಡಿಗೆ ಬರುವಾಗ ಅದರಲ್ಲಿ ಖಾಲಿ ಉಳಿದಿರುತ್ತಿದ್ದುದು ಬಾವರ ಸಹಿಯ ಜಾಗ ಮಾತ್ರ. ಅವರು ಓದದೆ ಹಾಕಿ ಕೊಡುತ್ತಿದ್ದರು.

ಗಡಿಯಲ್ಲಿ ಯುದ್ಧ ಶುರುವಾದ ಮೂರನೇ ದಿನ ಮಹಾಬಲ ಬಂದರು. ‘ಯುದ್ಧ ಬೇಡ’ ಎಂದು ಕ್ಲಾಕ್ ಟವರ್ ಬಳಿ ಒಂದು ಗಂಟೆ ಮೌನವಾಗಿ ನಿಲ್ಲಲು ಅನುಮತಿ ಬೇಕಿತ್ತು. ಬಾವ ಮೊದಲ ಬಾರಿಗೆ ಅರ್ಜಿಯನ್ನು ಪೂರ್ತಿ ಓದಿದರು. ಮಗಳು ಮರ್ವಾಳಿಗೆ ಶಾರ್ಜಾದಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ ಈ ಅರ್ಜಿ ಹೋಗಬೇಕಾದ ಠಾಣೆಯಲ್ಲೇ ಬಾಕಿಯಿತ್ತು.

“ಮಾಷ್ಟ್ರೇ, ಇದಕ್ಕೆ ನೀವು ಸಹಿ ಹಾಕಿದ್ರೆ ಅರಳುಮರಳು ಅಂತಾರೆ. ನಾನು ಹಾಕಿದ್ರೆ ಎಂತ ಹೇಳ್ತಾರೆ, ಗೊತ್ತುಂಟಲ್ಲ?”

“ಈಗ ಹೆದರಿದ್ರೆ ಆಗ್ತದಾ ಬಾವಾಕ?”

“ಹೆದರಿಕೆ ಉಂಟು ಮಾರಾಯ್ರೆ. ನೀವು, ಲ್ಯಾನ್ಸಿ ಇಬ್ಬರೇ ಹಾಕಿ. ನಾನು ಬಂದು ಹಿಂದೆ ನಿಲ್ತೇನೆ.”

“ನಿಮ್ಮ ಹೆಸರೇ ಇಲ್ಲದಿದ್ರೆ ಅದಕ್ಕೆ ಎಂತ ಅರ್ಥ?”

ಮಹಾಬಲ ಕಾಗದ ಮಡಚಿ ಜೇಬಿಗಿಟ್ಟರು. ಸಂಜೆ ವೇದಿಕೆಯ ವಾಟ್ಸ್ಆ್ಯಪ್ ಗುಂಪಿಗೆ ಸಂದೇಶ ಬಂತು: ‘ಮುಸ್ಲಿಂ ಬಂಧುಗಳ ಸಹಕಾರ ಸಿಗದ ಕಾರಣ ಕಾರ್ಯಕ್ರಮ ಕೈಬಿಡಲಾಗಿದೆ.’ ವೇದಿಕೆಯಲ್ಲಿ ಉಳಿದಿದ್ದ ಮುಸ್ಲಿಂ ಬಂಧು ಬಾವ ಒಬ್ಬರೇ.

ಮರುದಿನ ವರ್ತಕರ ಸಂಘದ ಶೋಭಿತ್ ಬಂದ. ಸೇನೆಗೆ ಬೆಂಬಲ ಸೂಚಿಸುವ ಮೆರವಣಿಗೆಗೂ ಅರ್ಜಿ ಬೇಕಿತ್ತು.

“ನಿಮ್ಮದೇ ಮೊದಲ ಹೆಸರು ಬಾವಾಕ. ಚಂದ ಕಾಣ್ತದೆ.”

“ಹಾಕದಿದ್ರೆ?”

ಶೋಭಿತ್ ನಕ್ಕ. “ನಿಮ್ಮದೊಂದು ತಮಾಷೆ!”

ನಗು ನಿಂತ ಮೇಲೂ ಅವನು ಪೆನ್ನು ಚಾಚಿಕೊಂಡೇ ಇದ್ದ. ಬಾವ ಓದದೆ ಸಹಿ ಹಾಕಿದರು. ಮೆರವಣಿಗೆಯಲ್ಲಿ ಬ್ಯಾನರಿನ ಒಂದು ತುದಿ ಹಿಡಿದು ಮುಂದೆ ನಡೆದರು. ಪತ್ರಿಕೆಯಲ್ಲಿ ಫೋಟೊ ಬಂತು.

ಎರಡು ದಿನ ಬಿಟ್ಟು ಠಾಣೆಯವರೊಬ್ಬರು ಮನೆಗೆ ಬಂದು ಮರ್ವಾಳ ದಾಖಲೆ ನೋಡಿದರು. “ಫೋಟೊ ನೋಡಿದೆ ಬಾವಾಕ. ಒಳ್ಳೇದಾಯ್ತು” ಎಂದು ಚಾ ಕುಡಿದು ಹೋದರು.

ಗ್ಲಾಸು ತೆಗೆಯುತ್ತಾ ಮರ್ವಾ ಕೇಳಿದಳು: “ಬಾಪಾ, ಆ ಬ್ಯಾನರಿನಲ್ಲಿ ಎಂತ ಬರೆದಿತ್ತು?”

“ಹಿಡಿದವನಿಗೆ ಕಾಣುದಿಲ್ಲ ಮಗಾ. ನೀನು ಬ್ಯಾಗ್ ತುಂಬಿಸು.”